ಕುದ್ರಿನಿಂದ ನೇತ್ರಾಣಿಯವರೆಗೆ

‘ದ್ವೀಪ’ ಎಂಬ ಮಾತಿನ ಮೂಲಾರ್ಥ ಎರಡು ಕಡೆ ನೀರುಳ್ಳದ್ದು ಎಂದು. ‘ದ್ವಿ’ ಎಂಬುದಕ್ಕೆ ನೀರನ್ನು ಹೇಳುವ ‘ಅಪ್’ ಶಬ್ದ ಸೇರಿ ಆದ ಪದ ಅದು. ನಾಲ್ಕೂ ಕಡೆ ನೀರಿರುವ ನೆಲಕ್ಕೆ ಎರಡೇ ಕಡೆಯ ಲೆಕ್ಕವೇಕೆ ಎಂದು ತರಗತಿಯಲ್ಲಿ ಯಾರಾದರೊಬ್ಬ ಹುಡುಗ ಕೇಳದೆ ಬಿಡುತ್ತಿರಲಿಲ್ಲ. ಮೊದಲು ಈ ಮಾತನ್ನು ಕಟ್ಟಿದವರು ಕಡಲಿನ ದ್ವೀಪಕ್ಕಿಂತ ಹೊಳೆಯ ದಿಬ್ಬವನ್ನೇ ಹೆಚ್ಚು ಕಂಡಿರಬೇಕು ಎಂಬುದು ನನ್ನ ಊಹೆ. ಹರಿದು ಬಂದ ನೀರು ಎರಡಾಗಿ ಸೀಳಿ, ಒಂದಿಷ್ಟು ನೆಲವನ್ನು ನಡುವೆ ಬಿಟ್ಟು, ಮುಂದೆ ಮತ್ತೆ ಕೂಡಿಕೊಳ್ಳುವ ನೋಟವನ್ನು ನೋಡಬೇಕಾದರೆ ಕುಂದಾಪುರದ ಕಡೆಗೆ ಬರಬೇಕು. ಅಂಥ ನೆಲಕ್ಕೆ ಇಲ್ಲಿಯ ಹೆಸರು ‘ಕುದ್ರು’. ಉಪ್ಪಿನಕುದ್ರು, ಬಬ್ಬುಕುದ್ರು ಎಂದು ಊರ ಹೆಸರುಗಳಲ್ಲಿ ಅದು ಉಳಿದುಕೊಂಡು ಬಂದಿದೆ.

ಕುಂದಾಪುರವೂ, ಈಚಿನ ವರ್ಷಗಳಲ್ಲಿ ಬೇರೆ ತಾಲ್ಲೂಕುಗಳಾದ ಬೈಂದೂರು, ಬ್ರಹ್ಮಾವರಗಳೂ ಸೇರಿದ ಈ ಸೀಮೆಯಲ್ಲಿ ನೆಲವೆಷ್ಟೋ ನೀರೂ ಅಷ್ಟೇ ಎಂದರೆ ಅತಿಶಯವಾಗದು. ಸೌಪರ್ಣಿಕೆ, ವಾರಾಹಿ, ಚಕ್ರಾ, ಕುಬ್ಜಾ, ಕೇಟಕಿ ಎಂಬ ಐದು ಹೊಳೆಗಳು ಕುಂದಾಪುರ–ಗಂಗೊಳ್ಳಿಗಳ ನಡುವೆ ಕೂಡಿ ಪಂಚಗಂಗಾವಳಿಯಾಗಿ ಕಡಲನ್ನು ಸೇರುತ್ತವೆ. ಅತ್ತ ಬ್ರಹ್ಮಾವರದ ಬದಿಯಲ್ಲಿ ಸೀತಾ, ಸುವರ್ಣಾ ನದಿಗಳು ಹಂಗಾರಕಟ್ಟೆ, ಕೋಡಿಬೆಂಗ್ರೆಗಳ ಬಳಿ ಒಂದೇ ಅಳಿವೆಯಲ್ಲಿ ಸಮುದ್ರಕ್ಕೆ ಬೀಳುತ್ತವೆ. ಈ ಹೊಳೆಗಳ ಹೊಟ್ಟೆಯಲ್ಲಿ ಕುದ್ರುಗಳಿವೆ. ಕಡಲಿಗಿಳಿದು ದಕ್ಷಿಣಕ್ಕೆ ಹೋದರೆ ಮಲ್ಪೆಯ ಎದುರಿಗೆ ಸೇಂಟ್ ಮೇರೀಸ್ ದ್ವೀಪಗಳಿವೆ. ಉತ್ತರಕ್ಕೆ ಹೋದರೆ, ಬೈಂದೂರು ಭಟ್ಕಳಗಳನ್ನು ದಾಟಿ, ಮುರುಡೇಶ್ವರದ ಎದುರಿನ ಆಳದ ನೀರಿನಲ್ಲಿ ನೇತ್ರಾಣಿ ಇದೆ. ರಜೆಯಲ್ಲಿ ಬೆಂಗಳೂರು ಹುಬ್ಬಳ್ಳಿಗಳಿಂದ ಬರುವವರು ಈಗ ದೇವಸ್ಥಾನಗಳ ದಾರಿಯನ್ನಷ್ಟೇ ಕೇಳಿ ಹೋಗುವುದಿಲ್ಲ. ದ್ವೀಪಕ್ಕೆ ಹೋಗುವುದು ಹೇಗೆ, ಅಲ್ಲಿ ಏನು ಮಾಡಬಹುದು ಎಂದೂ ಕೇಳುತ್ತಾರೆ. ಆ ಪ್ರಶ್ನೆಗೆ ಒಂದಿಷ್ಟು ವಿವರವಾಗಿ ಉತ್ತರ ಹೇಳುವುದು ಈ ಮಾತಿನ ಉದ್ದೇಶ.

ದೂರದ್ದನ್ನೇ ಮೊದಲು ಹೇಳುತ್ತೇನೆ. ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ.

ನೇತ್ರಾಣಿ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಇಂಗ್ಲಿಷರ ನಕಾಶೆಗಳಲ್ಲಿ ಇದು ‘ಪಿಜನ್ ಐಲ್ಯಾಂಡ್’, ಅಂದರೆ ಪಾರಿವಾಳಗಳ ದ್ವೀಪ. ಆಕಾಶದಿಂದ ತೆಗೆದ ಚಿತ್ರದಲ್ಲಿ ಹೃದಯದ ಆಕಾರವಾಗಿ ಕಾಣುತ್ತದೆಂದು ಈಗ ಹೊಗಳುವುದುಂಟು. ದೋಣಿಯಲ್ಲಿ ಹೋಗುವವನಿಗೆ ಹೃದಯವೇನೂ ಕಾಣುವುದಿಲ್ಲ. ನೀರಿನಿಂದ ನೆಟ್ಟಗೆ ಎದ್ದ ಬಂಡೆಯ ಗೋಡೆ, ಅದರ ತಲೆಯ ಮೇಲೆ ದಟ್ಟ ಹಸುರು, ಸುತ್ತ ಹದ್ದುಗಳು, ಇಷ್ಟೇ ಕಾಣುವುದು. ಕಾಲಿಟ್ಟು ನಡೆದಾಡುವಂಥ ಮರಳಿನ ಬೀಚು ಅಲ್ಲಿಲ್ಲ. ಪ್ರವಾಸಿಗಳನ್ನು ನಡುಗಡ್ಡೆಯ ಮೇಲೆ ಇಳಿಸುವ ಪದ್ಧತಿಯೂ ಇಲ್ಲ. ದೋಣಿ ಬಂಡೆಯ ಮಗ್ಗುಲಲ್ಲಿ ನಿಲ್ಲುತ್ತದೆ. ಆದುದರಿಂದ ನೇತ್ರಾಣಿಯ ವಿಹಾರವೆಂದರೆ ನೀರಿನ ವಿಹಾರವೇ.

ಹೊರಡುವುದು ಬೆಳಗ್ಗೆ. ಇದಕ್ಕೆ ಕಾರಣ ಗಾಳಿ. ರಾತ್ರಿ ನೆಲ ಕಡಲಿಗಿಂತ ಬೇಗ ತಣಿಯುತ್ತದೆ. ಬೆಳಗಿನ ಹೊತ್ತು ಗಾಳಿ ಮೂಡಣದ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ, ನೀರು ಬಹುಮಟ್ಟಿಗೆ ಸಮವಾಗಿರುತ್ತದೆ. ಹಗಲು ಏರಿದಂತೆ ನೆಲ ಕಾಯುತ್ತದೆ, ಗಾಳಿ ತಿರುಗಿ ಪಡುವಣದಿಂದ ಬೀಸತೊಡಗುತ್ತದೆ, ತೆರೆ ಎದ್ದುಕೊಳ್ಳುತ್ತದೆ. ಹಾಯಿದೋಣಿಯ ಕಾಲದಲ್ಲಿ ನಮ್ಮ ಮೀನುಗಾರರು ಬೆಳಗಿನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಹಾಯಿ ಬಿಚ್ಚಿ ಮನೆಗೆ ಮರಳುತ್ತಿದ್ದರು. ಇಂದು ದೋಣಿಗೆ ಎಂಜಿನು ಬಂದಿದೆ. ಆದರೂ ವಿಹಾರದ ದೋಣಿ ಹೊರಡುವ ವೇಳೆ ಆ ಹಳೆಯ ವೇಳೆಯೇ. ಎಂಟು ಗಂಟೆಗೆ ಬಂದರಾಗದೇ, ಹತ್ತಕ್ಕೆ ಬಂದರಾಗದೇ ಎಂದು ಚೌಕಾಶಿ ಮಾಡುವ ಪ್ರವಾಸಿಗೆ ಇದು ತಿಳಿದಿರುವುದಿಲ್ಲ. ದೋಣಿಯವನು ಬಾಯಿಬಿಟ್ಟು ಕಾರಣ ಹೇಳುವುದೂ ಅಪರೂಪ. ಅವನ ಪಾಲಿಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ.

ಋತುವಿನ ಕಟ್ಟಳೆಯೂ ಹೀಗೆಯೇ. ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ ನೇತ್ರಾಣಿಗೆ ದೋಣಿ ಹೋಗುತ್ತದೆ. ಅದರಲ್ಲಿಯೂ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನೀರು ತಿಳಿಯಾಗಿರುತ್ತದೆ. ಮಳೆಗಾಲದಲ್ಲಿ ಆ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕಡಲಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ. ಮೀನಿನ ಸಂತಾನವೃದ್ಧಿಗೆಂದು ಮಾಡಿದ ಕಾನೂನು ಅದು. ಕಡಲು ತಾನಾಗಿ ವಿಧಿಸಿದ್ದ ನಿಷೇಧಕ್ಕೆ ಸರಕಾರ ಹಾಕಿದ ರುಜು ಎಂದೂ ಹೇಳಬಹುದು.

ನೇತ್ರಾಣಿಯ ಬಳಿ ನೀರಿಗಿಳಿಯುವ ಬಗೆ ಎರಡು. ಒಂದು, ಬಾಯಿಗೆ ಕೊಳವೆ ಕಚ್ಚಿಕೊಂಡು, ಕಣ್ಣಿಗೆ ಗಾಜಿನ ಮುಸುಕು ಹಾಕಿಕೊಂಡು, ನೀರಿನ ಮೇಲೆಯೇ ಮುಖ ಕೆಳಗೆ ಮಾಡಿ ತೇಲುವುದು. ಇದಕ್ಕೆ ಸ್ನಾರ್ಕೆಲಿಂಗ್ ಎನ್ನುತ್ತಾರೆ. ಇನ್ನೊಂದು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಒಳಗೆ ಮುಳುಗುವುದು, ಸ್ಕೂಬಾ ಡೈವಿಂಗ್. ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ಎಂಬಿಬ್ಬರು 1943ರಲ್ಲಿ ರೂಪಿಸಿದ ಉಪಕರಣ ಇದರ ಮೂಲ. ಸಿಲಿಂಡರಿನಲ್ಲಿ ಪ್ರಾಣವಾಯು ತುಂಬಿರುತ್ತದೆಂದು ಹಲವರ ತಿಳಿವಳಿಕೆ. ಹಾಗಲ್ಲ, ನಾವು ನೀವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಕುಸ್ಟೊ, ಗಾನ್ಯಾನ್ ಅವರ ಜಾಣತನವಿದ್ದುದು ಸಿಲಿಂಡರಿನಲ್ಲಲ್ಲ, ಅದರ ಬಾಯಿಯ ಕವಾಟದಲ್ಲಿ. ಮುಳುಗಿದವನು ಎಷ್ಟು ಆಳದಲ್ಲಿದ್ದಾನೋ ಆ ಆಳದ ಒತ್ತಡಕ್ಕೆ ಸರಿಹೊಂದುವಂತೆ, ಅವನು ಎಳೆದುಕೊಂಡಾಗ ಮಾತ್ರ, ಅದು ಗಾಳಿಯನ್ನು ಬಿಡುತ್ತದೆ.

ಈ ಒತ್ತಡದ ಸಂಗತಿ ತಿಳಿದರೆ ಮಿಕ್ಕ ನಿಯಮಗಳೆಲ್ಲ ತಾವಾಗಿ ತಿಳಿಯುತ್ತವೆ. ನಮ್ಮ ತಲೆಯ ಮೇಲಿನ ಇಡೀ ವಾಯುಮಂಡಲದ ಭಾರ ಎಷ್ಟೋ, ಹತ್ತು ಮೀಟರ್ ನೀರಿನ ಭಾರ ಹೆಚ್ಚುಕಡಿಮೆ ಅಷ್ಟೇ. ಹತ್ತು ಮೀಟರ್ ಕೆಳಗಿಳಿದವನ ಮೇಲೆ ಇಮ್ಮಡಿ ಒತ್ತಡ, ಇಪ್ಪತ್ತಕ್ಕೆ ಮುಮ್ಮಡಿ. ಇಳಿಯುವಾಗ ಮೊದಲು ದೂರು ಕೊಡುವುದು ಕಿವಿ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸಿಕೊಳ್ಳುತ್ತ ಇಳಿಯಬೇಕು. ನೋವು ಬಂದರೆ ತುಸು ಮೇಲೇರಿ ನಿಲ್ಲಬೇಕು. ನೆಗಡಿಯಾದವನು ಅಂದು ನೀರಿಗಿಳಿಯದಿರುವುದೇ ಲೇಸು. ಮೇಲೇರುವಾಗಿನ ಅಪಾಯ ಇನ್ನೂ ದೊಡ್ಡದು. ಹತ್ತು ಮೀಟರಿನಲ್ಲಿ ತುಂಬಿಕೊಂಡ ಉಸಿರು ಮೇಲೆ ಬರುವಾಗ ಇಮ್ಮಡಿ ಹಿಗ್ಗುತ್ತದೆ. ಗಾಬರಿಯಿಂದ ಉಸಿರು ಕಟ್ಟಿ ಮೇಲಕ್ಕೆ ಚಿಮ್ಮಿದವನ ಶ್ವಾಸಕೋಶ ಹರಿಯಬಹುದು. ‘ಏನೇ ಆಗಲಿ ಉಸಿರು ಕಟ್ಟಬೇಡಿ’ ಎಂಬುದು ಇಲ್ಲಿಯ ಮೊದಲ ಪಾಠ. ಆಳದಲ್ಲಿ ರಕ್ತದೊಳಗೆ ಕರಗುವ ಸಾರಜನಕ ಹೊರಹೋಗಲು ಹೊತ್ತು ಬೇಕು. ಆದುದರಿಂದ ಒಮ್ಮೆ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ವಿಮಾನವೇರಬಾರದು. ಮಧ್ಯಾಹ್ನ ನೇತ್ರಾಣಿ, ಸಂಜೆ ಮಂಗಳೂರಿನಿಂದ ವಿಮಾನ ಎಂದು ಲೆಕ್ಕ ಹಾಕಿಕೊಂಡು ಬರುವವರು ಇದನ್ನು ನೆನಪಿಡಬೇಕು.

ನೀರಿನೊಳಗೆ ಮಾತಿಲ್ಲ, ಸಂಜ್ಞೆಯೇ ಭಾಷೆ. ಹೆಬ್ಬೆರಳು ಎತ್ತಿ ತೋರಿಸಿದರೆ ಮೇಲೆ ನಾವೆಲ್ಲ ‘ಚೆನ್ನಾಗಿದೆ’ ಎಂದು ತಿಳಿಯುತ್ತೇವೆ. ಅಲ್ಲಿ ಅದರ ಅರ್ಥ ‘ಮೇಲೆ ಹೋಗೋಣ’. ಸಂತೋಷದಿಂದ ಹೆಬ್ಬೆರಳೆತ್ತಿದವನನ್ನು ಜೊತೆಗಾರ ದೋಣಿಗೇ ಕರೆದುಕೊಂಡು ಬಂದುಬಿಟ್ಟಾನು! ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳುಗಳನ್ನು ಉಂಗುರದಂತೆ ಕೂಡಿಸಬೇಕು. ಈಜು ಬಾರದವರನ್ನೂ ಶಿಕ್ಷಕನೊಬ್ಬ ಕೈಹಿಡಿದು ಕೆಲವು ಮೀಟರ್ ಆಳಕ್ಕೆ ಕರೆದೊಯ್ಯುವ ಏರ್ಪಾಡು ಇಲ್ಲಿದೆ. ತಪ್ಪೇನಿಲ್ಲ. ಆದರೂ ಈಜು ಕಲಿತು ಬಂದವನು ನೋಡುವುದು ಮೀನನ್ನು, ಕಲಿಯದೆ ಬಂದವನು ನೋಡುವುದು ಶಿಕ್ಷಕನ ಮುಖವನ್ನು ಎಂಬುದು ನನ್ನ ಅಭಿಪ್ರಾಯ.

ಏನಿದೆ ಅಲ್ಲಿ ನೋಡುವುದಕ್ಕೆ? ನೀರು ಬಣ್ಣಗಳನ್ನು ಒಂದೊಂದಾಗಿ ನುಂಗುತ್ತ ಹೋಗುತ್ತದೆ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಹಳದಿ. ಕೆಳಗೆ ಎಲ್ಲವೂ ನೀಲಿ ಹಸುರಿನ ಮಬ್ಬು. ಆ ಮಬ್ಬಿನಲ್ಲಿ ಬಂಡೆಗಳಿಗೆ ಅಂಟಿಕೊಂಡ ಹವಳ, ಅದರ ಸಂದುಗೊಂದುಗಳಲ್ಲಿ ಚಿಟ್ಟೆಮೀನು, ಗಿಳಿಮೀನು, ಮರಳಿನ ಮೇಲೆ ಹಾಸಿಕೊಂಡ ತೊರಕೆ, ಅದೃಷ್ಟವಿದ್ದರೆ ಕಡಲಾಮೆ. ಹವಳವನ್ನು ಕಲ್ಲೆಂದು ತಿಳಿದು ಕಾಲೂರಿ ನಿಲ್ಲುವವರಿದ್ದಾರೆ. ಅದು ಕಲ್ಲಲ್ಲ. ಸೂಜಿಯ ಮೊನೆಯಷ್ಟು ದೊಡ್ಡ ಪ್ರಾಣಿಗಳ ಒಕ್ಕಲು ಅದು. ತಾವು ಸ್ರವಿಸಿದ ಸುಣ್ಣದಲ್ಲಿ ಮನೆ ಕಟ್ಟಿಕೊಂಡು ಅದರಲ್ಲೇ ಬಾಳುತ್ತವೆ. ಹೆಚ್ಚಿನ ಜಾತಿಗಳು ವರ್ಷಕ್ಕೆ ಬೆಳೆಯುವುದು ಬೆರಳಿನ ದಪ್ಪದಷ್ಟು, ಕೆಲವು ಅದಕ್ಕೂ ಕಡಿಮೆ. ಒಂದು ಲಂಗರು ಬಿದ್ದರೆ, ಒಂದು ಕಾಲು ಒತ್ತಿದರೆ, ಹತ್ತಾರು ವರ್ಷಗಳ ಕಟ್ಟಡ ಪುಡಿ. ದೋಣಿಯನ್ನು ತೇಲುಬುರುಡೆಗೆ ಕಟ್ಟುತ್ತಾರೋ ಹವಳದ ಮೇಲೆಯೇ ಲಂಗರು ಎಸೆಯುತ್ತಾರೋ ಎಂದು ಹೊರಡುವ ಮೊದಲು ವಿಚಾರಿಸುವ ಹಕ್ಕು ದುಡ್ಡು ಕೊಟ್ಟು ಹೋಗುವವನಿಗೆ ಉಂಟು.

ನಡುಗಡ್ಡೆಯ ಮೇಲಿನ ಬಾಳೂ ಸಣ್ಣದಲ್ಲ. ಬಿಳಿಹೊಟ್ಟೆಯ ಕಡಲಹದ್ದು ಅಲ್ಲಿಯ ಮರಗಳಲ್ಲಿ ಗೂಡು ಕಟ್ಟುತ್ತದೆ. ಬಂಡೆಯ ಗವಿಗಳಲ್ಲಿ ತನ್ನ ಎಂಜಲಿನಿಂದಲೇ ಗೂಡು ಹೆಣೆಯುವ ಬಾನಾಡಿ ಹಕ್ಕಿಯಿದೆ. ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಎ. ಓ. ಹ್ಯೂಮ್ ಪಕ್ಷಿಶಾಸ್ತ್ರಜ್ಞನೂ ಆಗಿದ್ದ; 1875ರಲ್ಲಿ ಲಕ್ಷದ್ವೀಪಗಳ ಕಡೆಗೆ ಹಕ್ಕಿಗಳನ್ನು ನೋಡುತ್ತ ಹೋದವನು ಈ ಪಿಜನ್ ಐಲ್ಯಾಂಡಿಗೂ ಬಂದಿದ್ದ. ರೋಮಿನ ಪ್ಲಿನಿ ಮೊದಲನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಯ ಕಡಲ್ಗಳ್ಳರ ನೆಲೆಯೆಂದು ಹೇಳಿದ ‘ನಿತ್ರಿಯಸ್’ ಇದೇ ಎಂದು ಕೆಲವು ವಿದ್ವಾಂಸರು, ಅಲ್ಲ, ಅದು ನೇತ್ರಾವತಿಯ ದಡದ ಮಂಗಳೂರು ಎಂದು ಕೆಲವರು. ವಾದ ಮುಗಿದಿಲ್ಲ. ಮೀನುಗಾರರಿಗೆ ಈ ವಾದ ಬೇಕಿಲ್ಲ. ಹಿಂದೂ, ಮುಸಲ್ಮಾನ, ಕ್ರೈಸ್ತ ಎನ್ನದೆ ಅವರು ನೇತ್ರಾಣಿಗೆ ಹರಕೆ ಹೊರುತ್ತಾರೆ. ಹರಕೆಯ ಆಡುಗಳನ್ನು ಅಲ್ಲಿ ಬಿಟ್ಟು ಬರುವ ವಾಡಿಕೆಯಿಂದ ನಡುಗಡ್ಡೆಯಲ್ಲಿ ಕಾಡಾಡುಗಳಾಗಿವೆ. ನೌಕಾಪಡೆ ಈ ಬಂಡೆಯನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದಾಗ ಪಕ್ಷಿತಜ್ಞರೂ ಪರಿಸರವಾದಿಗಳೂ ಎತ್ತಿದ ಆಕ್ಷೇಪಕ್ಕೆ ಈ ಹಕ್ಕಿಗಳ ಗೂಡುಗಳೇ ಕಾರಣ. ವಿಹಾರಕ್ಕೆ ಬಂದವನು ಬಂಡೆಯ ಮೇಲೆ ಇಳಿಯಬಾರದೆಂಬುದರ ಹಿಂದೆ ಇಷ್ಟೆಲ್ಲ ಇದೆ.

ಸೇಂಟ್ ಮೇರೀಸ್ ದ್ವೀಪಗಳ ಮಾತು ಬೇರೆ. ಇಲ್ಲಿ ಇಳಿಯಬಹುದು, ನಡೆಯಬಹುದು, ಬುತ್ತಿ ಬಿಚ್ಚಿ ಕೂರಬಹುದು. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಬರಲು ಅರ್ಧ ದಿನ ಸಾಕು. ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಹೋಗುವ ಮೊದಲು ಇಲ್ಲಿ ಇಳಿದನೆಂದು ನಮ್ಮಲ್ಲಿ ಹೇಳುವ ರೂಢಿ. ಅವನ ಜೊತೆಯವನೊಬ್ಬ ಬರೆದಿಟ್ಟ ದಿನಚರಿಯ ಪ್ರಕಾರ ಅವನು ಈ ಕಡಲಲ್ಲಿ ಕಂಬ ನೆಟ್ಟದ್ದು ಕೋಳಿಕ್ಕೋಡಿನಿಂದ ಮರಳುವ ದಾರಿಯಲ್ಲಿ, 1498ರ ಸೆಪ್ಟೆಂಬರಿನಲ್ಲಿ. ಪೋರ್ಚುಗಲ್ಲಿನಿಂದ ತಂದ ಕಲ್ಲುಕಂಬಗಳಲ್ಲಿ ಸಂತ ಮರಿಯಳ ಹೆಸರಿನದು ಇಲ್ಲಿಗೆ ಬಂತು. ದ್ವೀಪದ ಹೆಸರು ಕಂಬದ ಹೆಸರೇ. ಆದರೆ ಮನುಷ್ಯ ನೆಟ್ಟ ಆ ಒಂದು ಕಂಬಕ್ಕಿಂತ ಪ್ರಕೃತಿ ನೆಟ್ಟ ಸಾವಿರಾರು ಕಂಬಗಳು ನೋಡತಕ್ಕವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬಿರಿದು ದೂರವಾದಾಗ ಉಕ್ಕಿದ ಶಿಲಾರಸ ಇಲ್ಲಿ ಹೆಪ್ಪುಗಟ್ಟಿತು. ಕೆರೆಯ ಕೆಸರು ಒಣಗಿ ಬಿರುಕು ಬಿಡುವಂತೆ ಅದು ತಣಿಯುತ್ತ ಕುಗ್ಗಿ ಬಿರಿಯಿತು; ಬಿರುಕುಗಳು ಮೇಲಿನಿಂದ ಒಳಕ್ಕೆ ನೇರವಾಗಿ ಇಳಿದು, ಐದು ಆರು ಏಳು ಮುಖಗಳ ಕಂಬಗಳಾದವು.

ಈ ಕಂಬಗಳ ಚಂದವೇ ಅಪಾಯವೂ ಹೌದು. ನೀರು ತಾಕುವ ಕಲ್ಲಿನ ತಲೆಗಳ ಮೇಲೆ ಪಾಚಿ ಬೆಳೆದಿರುತ್ತದೆ, ಹತ್ತು ತೆರೆ ಸಣ್ಣಗೆ ಬಂದು ಹನ್ನೊಂದನೆಯದು ಆಳೆತ್ತರ ಬರುತ್ತದೆ. 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದ ಮೂವರು ಕಾಲೇಜು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಭಾವಚಿತ್ರ ತೆಗೆಸಿಕೊಳ್ಳುವವರು ಕಡಲಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಮೀನುಗಾರನು ಬಂಡೆಯ ಮೇಲೆ ನಿಂತು ಗಾಳ ಹಾಕುವಾಗ ಕಡಲಿಗೆ ಎಂದೂ ಬೆನ್ನು ಹಾಕುವುದಿಲ್ಲ. ಇಷ್ಟೊಂದನ್ನು ಅವನಿಂದ ಕಲಿತಿದ್ದರೆ ಎಷ್ಟೋ ಮನೆಗಳ ದುಃಖ ತಪ್ಪುತ್ತಿತ್ತು. ಮರಳಿನ ದಡದಲ್ಲಿ ಈಜುವವರಿಗೂ ಒಂದು ಮಾತು. ತೆರೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಯಾದರೂ ಇಕ್ಕಟ್ಟಾದ ಓಣಿ ಮಾಡಿಕೊಂಡು ರಭಸದಿಂದ ಹಿಂದಕ್ಕೆ ಹೋಗುತ್ತದೆ. ಸುತ್ತ ತೆರೆ ಒಡೆಯುತ್ತಿರುವಾಗ ಒಂದು ಜಾಗ ಮಾತ್ರ ಶಾಂತವಾಗಿ ಕಂಡರೆ ಅದೇ ಆ ಓಣಿ ಇರಬಹುದು. ಅದರೊಳಗೆ ಸಿಕ್ಕಿದವನು ದಡದ ಕಡೆಗೆ ಎದುರೀಜಿ ಸೋಲಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ ಓಣಿಯಿಂದ ಹೊರಬಿದ್ದು, ಆಮೇಲೆ ತೆರೆಯ ಜೊತೆಗೆ ದಡ ಸೇರಬೇಕು. ಮರವಂತೆ, ತ್ರಾಸಿ, ಕೋಡಿ, ಎಲ್ಲಿಗೂ ಈ ಮಾತು ಸಲ್ಲುತ್ತದೆ.

ಕೋಡಿಬೆಂಗ್ರೆಯಲ್ಲಿ ಹಲಗೆಯ ಮೇಲೆ ನಿಂತು ತೆರೆಯನ್ನೇರುವ ಸರ್ಫಿಂಗ್ ಕಲಿಸುವವರೂ ಇದ್ದಾರೆ. ಯುವಕರಿಗೆ ಒಳ್ಳೆಯ ಆಟ. ನಮ್ಮ ವಯಸ್ಸಿನವರು ದಡದಲ್ಲಿ ಕುಳಿತು ನೋಡಬಹುದು.

ವಯಸ್ಸಿನ ಹಂಗಿಲ್ಲದ ವಿಹಾರವೆಂದರೆ ಕುದ್ರುಗಳ ನಡುವಿನದು. ಬ್ರಹ್ಮಾವರ ತಾಲ್ಲೂಕಿನ ಸಾಲಿಗ್ರಾಮದ ಹತ್ತಿರ, ಪಾರಂಪಳ್ಳಿಯಲ್ಲಿ, ಸೀತಾನದಿಯ ಹಿನ್ನೀರಿನಲ್ಲಿ ಕಯಾಕ್ ನಡೆಸುವ ಏರ್ಪಾಡಿದೆ. ಕಯಾಕ್ ಮೂಲತಃ ಉತ್ತರಧ್ರುವದ ಇನ್ಯೂಟ್ ಜನರು ಸೀಲ್ ಪ್ರಾಣಿಯ ತೊಗಲಿನಿಂದ ಕಟ್ಟಿಕೊಳ್ಳುತ್ತಿದ್ದ ಬೇಟೆಯ ದೋಣಿ. ಇಲ್ಲಿಯದು ಪ್ಲಾಸ್ಟಿಕ್ಕಿನದು. ನಮ್ಮ ಪಾತಿದೋಣಿಯ ಹುಟ್ಟಿಗೆ ಒಂದೇ ಎಲೆ, ಇದಕ್ಕೆ ಎರಡು ತುದಿಗೂ ಎಲೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಅದ್ದುತ್ತ ಹೋದರೆ ಸಾಕು. ತೇಲುಕವಚ ತೊಟ್ಟು ಕುಳಿತರೆ ಹೆಂಗಸರು ಮಕ್ಕಳು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ಒಮ್ಮೆ ಕಾಂಡ್ಲಾ ಕಾಡಿನ ನಡುವಿನ ಕಿರಿದಾದ ಕಾಲುವೆಯೊಳಗೆ ಹೊಕ್ಕರೆ ಹೆದ್ದಾರಿಯ ಸದ್ದು ಹಿಂದೆ ಉಳಿಯುತ್ತದೆ. ಉಪ್ಪುನೀರಿನ ಕೆಸರಿನಲ್ಲಿ ಉಸಿರು ಸಿಗದೆ ಕಾಂಡ್ಲಾ ಗಿಡ ಊರುಗೋಲಿನಂಥ ಬೇರುಗಳನ್ನು ಮೇಲಿನಿಂದ ಇಳಿಬಿಟ್ಟು ನಿಂತಿರುತ್ತದೆ. ಇನ್ನೊಂದು ಜಾತಿಯದು ಬೇರುಗಳನ್ನು ಕೆಸರಿನಿಂದ ಮೊಳೆಗಳಂತೆ ಮೇಲೆತ್ತಿ ಗಾಳಿ ಕುಡಿಯುತ್ತದೆ. ಬೀಜ ತಾಯಿಯ ಕೊಂಬೆಯಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ನೇತಾಡಿ, ಕಡೆಗೆ ಕೆಸರಿಗೆ ನೆಟ್ಟಗೆ ಬಿದ್ದು ನಾಟಿಕೊಳ್ಳುತ್ತದೆ. ಮೀನಿನ ಮರಿ, ಸಿಗಡಿ, ಏಡಿಗಳ ತೊಟ್ಟಿಲು ಈ ಬೇರುಗಳ ಬುಡ. ಕಾಂಡ್ಲಾ ಕಡಿದರೆ ಗಂಗೊಳ್ಳಿಯ ಬಲೆಗೆ ಮೀನು ಕಡಿಮೆ ಎಂಬ ಲೆಕ್ಕ ಇಲ್ಲಿಂದ ಹೊರಡುತ್ತದೆ.

ಸಾಲಿಗ್ರಾಮದ ಪಕ್ಕದ ಕೋಟ ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು. 1941ರಲ್ಲಿ ಬಂದ ಅವರ ‘ಮರಳಿ ಮಣ್ಣಿಗೆ’ ನಡೆಯುವುದು ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಕೋಡಿ ಗ್ರಾಮದಲ್ಲಿ. ಆ ಕಾದಂಬರಿಯನ್ನು ಓದಿದವರು ಈ ನೀರಿನ ಮೇಲೆ ವಿಹಾರಕ್ಕೆ ಹೊರಟರೆ ತುಸು ಮುಜುಗರವಾದೀತು. ಅಲ್ಲಿಯ ಪಾರೋತಿ ಸರಸೋತಿಯರಿಗೆ ನೀರು ಆಟದ ವಸ್ತುವಲ್ಲ. ಅದು ದಾಟಬೇಕಾದದ್ದು, ಗದ್ದೆಗೆ ನುಗ್ಗದಂತೆ ತಡೆಯಬೇಕಾದದ್ದು. ಕುದ್ರಿನ ಮಕ್ಕಳು ಶಾಲೆಗೆ, ಬಸುರಿ ಹೆಂಗಸು ಆಸ್ಪತ್ರೆಗೆ, ಹೆಣ ಮಸಣಕ್ಕೆ ದೋಣಿಯಲ್ಲೇ ಹೋಗುತ್ತಿದ್ದ ಕಾಲ ತೀರ ಹಿಂದಿನದಲ್ಲ. ಮುಜುಗರಪಟ್ಟು ಮನೆಯಲ್ಲಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ದಡದಲ್ಲಿ ಚಿಪ್ಪು ಆಯುವವರ, ಬಲೆ ಬಿಟ್ಟವರ ದಾರಿ ತಪ್ಪಿಸಿ ಹೋಗಬೇಕು. ಬಲೆಯ ತೇಲುಗಳ ಮೇಲೆ ಹುಟ್ಟು ಹಾಕಬಾರದು. ‘ಹ್ವಾಯ್, ಎಲ್ಲಿಗ್ ಹೋಪ್ದ್?’ ಎಂದು ದಡದಿಂದ ಯಾರಾದರೂ ಕೂಗಿದರೆ ಅದು ಬರಿಯ ಕುತೂಹಲವಲ್ಲ, ಮುಂದೆ ನೀರು ಹೇಗಿದೆ ಎಂದು ಬಲ್ಲವರ ಎಚ್ಚರಿಕೆ ಇರಬಹುದು. ನಿಂತು ಉತ್ತರ ಕೊಡಬೇಕು.

ಉಪ್ಪಿನಕುದ್ರು ಇಂದು ವಾಹನ ಹೋಗುವ ಊರು. ಸೂತ್ರದ ಬೊಂಬೆಗಳಿಂದ ಯಕ್ಷಗಾನ ಆಡಿಸುವ ಮನೆತನ ಅಲ್ಲಿಯದು. ಅದನ್ನು ಹೊರನಾಡುಗಳಿಗೆ ಒಯ್ದ ಕೊಗ್ಗ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಹಗಲು ಹೊಳೆ, ಸಂಜೆ ಬೊಂಬೆ ಎಂದು ದಿನವನ್ನು ಹಂಚಿಕೊಂಡರೆ ಕುದ್ರಿಗೆ ಹೋದದ್ದು ಸಾರ್ಥಕ.

ಹೊಳೆಯಲ್ಲಿ ಗಾಳಿಗಿಂತ ಹೆಚ್ಚು ಗಮನಿಸಬೇಕಾದದ್ದು ಉಬ್ಬರ ಇಳಿತ. ದಿನಕ್ಕೆ ಎರಡು ಬಾರಿ ಕಡಲು ಅಳಿವೆಯ ಮೂಲಕ ಒಳಗೆ ಬರುತ್ತದೆ, ಎರಡು ಬಾರಿ ಹಿಂದೆ ಸರಿಯುತ್ತದೆ. ಉಬ್ಬರದಲ್ಲಿ ಕಾಂಡ್ಲಾ ಕಾಲುವೆಗಳು ತುಂಬಿ ದಾರಿ ತೆರೆಯುತ್ತದೆ. ಇಳಿತದಲ್ಲಿ ಅದೇ ದಾರಿ ಮೊಣಕಾಲುದ್ದದ ಕೆಸರು. ಅಳಿವೆಯ ಹತ್ತಿರ ಇಳಿತದ ಸೆಳೆತ ದೋಣಿಯನ್ನು ಕಡಲಿಗೇ ಎಳೆದೊಯ್ಯುವಷ್ಟು ಬಲವಾಗಿರುತ್ತದೆ, ಹೊಸಬರು ಅತ್ತ ಸುಳಿಯಬಾರದು. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗವೇ ಇಲ್ಲಿಯವರಿಗೆ ಉಬ್ಬರದ ವೇಳಾಪಟ್ಟಿ. ನೀರೇರುವ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಂದು ಏಳು ಗಂಟೆಗೆ ತುಂಬಿದ್ದ ಕಾಲುವೆ ನಾಳೆ ಎಂಟರ ಹತ್ತಿರಕ್ಕೆ ತುಂಬುತ್ತದೆ. ಆದುದರಿಂದ ಪಾರಂಪಳ್ಳಿಗೆ ಹೋಗುವವರು ಸ್ನೇಹಿತರು ಕಳೆದ ವಾರ ಹೋಗಿದ್ದ ವೇಳೆಯನ್ನು ನೆಚ್ಚದೆ, ದೋಣಿ ಇಳಿಸುವ ಹೊತ್ತನ್ನು ಹಿಂದಿನ ಸಂಜೆಯೇ ಅಲ್ಲಿಯವರನ್ನು ಕೇಳಿಕೊಂಡು ಹೊರಡಬೇಕು.